ಮುಳ್ಳಿಲ್ಲದ ಕಳ್ಳಿ ನೆಡೋಕೆ ಮೊದಲು, ಅದು ಯಾವ ಕಳ್ಳಿ ಅಂತ ಕೇಳಿ

ಈ ವಾರದ ವಿಷಯ ಕಳ್ಳಿ. ಹೌದು, ಬೇಲಿ ಮೇಲಿರುತ್ತಲ್ಲ, ಅದೇ ಕಳ್ಳಿ. ಸಾಲ, ಬಡ್ಡಿ, ಚೀಟಿ, ಜಿಎಸ್‌ಟಿ ಅಂತ ಮಾತಾಡೋ ಈ ಪಾಡ್‌ಕಾಸ್ಟ್‌ಗೆ ಕಳ್ಳಿ ಹೇಗೆ ಬಂತು ಅಂತ ಕೇಳಬಹುದು. ಮೇವಿನ ಖರ್ಚಿನ ಬಗ್ಗೆ ಒಂದು ಸಂಚಿಕೆ ಮಾಡಿದ್ದೆನಲ್ಲ, ಅದಾದ ಮೇಲೆ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. "ಅಕ್ಕಾ, ಮುಳ್ಳಿಲ್ಲದ ಕಳ್ಳಿ ಹಾಕಬಹುದಾ? ಲಾಭ ಇದೆಯಾ?" ಕೆಲವರು ಫೋಟೊನೂ ಕಳಿಸಿದ್ರು, ಇದೇ ತಾನೇ ಆ ಕಳ್ಳಿ ಅಂತ. ಆ ಫೋಟೊಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಕನಿಷ್ಠ ಐದು ಬೇರೆ ಬೇರೆ ಗಿಡ. ಅದರಲ್ಲಿ ಒಂದಂತೂ ದನಕ್ಕೆ ಹಾಕಿದರೆ ಮೇವಲ್ಲ, ವಿಷ.

ಆದ್ದರಿಂದ ಲಾಭ ನಷ್ಟ ಆಮೇಲೆ. ಮೊದಲು ಗುರುತು ಹಿಡಿಯೋದು ಕಲಿಯೋಣ.

ನಮ್ಮ ಭಾಷೇಲಿ ಒಂದು ತೊಡಕಿದೆ. 'ಕಳ್ಳಿ' ಅನ್ನೋ ಒಂದೇ ಮಾತಲ್ಲಿ ನಾವು ಎರಡು ಸಂಬಂಧವೇ ಇಲ್ಲದ ಕುಟುಂಬಗಳನ್ನ ಕರೀತೀವಿ. ಎಲೆಗಳ್ಳಿ, ಚದುರಗಳ್ಳಿ, ಬೊಂತೆಗಳ್ಳಿ ಇವೆಲ್ಲ ಒಂದು ಕಡೆ. ಇವು ಯುಫೋರ್ಬಿಯಾಗಳು. ಗೀರಿದರೆ ಬಿಳಿ ಹಾಲು ಬರುತ್ತೆ. ಆ ಹಾಲು ಚರ್ಮಕ್ಕೆ ತಾಗಿದರೆ ಬೊಬ್ಬೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಇನ್ನೊಂದು ಕಡೆ ಪಾಪಾಸುಕಳ್ಳಿ. ಕೆಲವು ಕಡೆ ಡಬ್ಬಗಳ್ಳಿ ಅಂತಾರೆ. ಇದು ನಿಜವಾದ ಕ್ಯಾಕ್ಟಸ್, ಮೂಲ ಅಮೆರಿಕ ಖಂಡ. ಕುಯ್ದರೆ ಹಾಲು ಬರಲ್ಲ, ಬೆಂಡೆಕಾಯಿ ಕುಯ್ದಾಗ ಬರುತ್ತಲ್ಲ ಅಂಥ ಲೋಳೆ ಬರುತ್ತೆ. ಹಾಲೋ ಲೋಳೆಯೋ, ಮೊದಲ ಪರೀಕ್ಷೆ ಇದು. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಚಾಕು ತುದಿಯಿಂದ ಗೀರಿ ನೋಡಿ. ಹಾಲು ಬಂತಾ, ಅಲ್ಲಿಗೇ ಬಿಡಿ. ಅದು ಬೇಲಿಗೆ ಸರಿ, ಬಾಯಿಗಲ್ಲ, ಮನುಷ್ಯರದಾಗಲಿ ಕುರಿಯದಾಗಲಿ.

ಪಾಪಾಸು ಅಂದರೆ ಹಳೇ ಮಾತಲ್ಲಿ ಚಪ್ಪಲಿ. ಈ ಗಿಡದ ಒಂದೊಂದು ತುಂಡೂ ಚಪ್ಪಲಿಯ ಅಟ್ಟೆ ಥರ ಇರುತ್ತಲ್ಲ, ಹೆಸರು ಇಟ್ಟವರು ಸರಿಯಾಗೇ ಇಟ್ಟಿದ್ದಾರೆ. ನಾವು ಎಲೆ ಅಂತ ಕರೀತೀವಿ, ಆದರೆ ಅದು ಕಾಂಡ. ಹಾಗಾಗಿ ನಾನು ಇವತ್ತು 'ಅಟ್ಟೆ' ಅಂತಲೇ ಹೇಳ್ತೀನಿ. ಅಟ್ಟೆ ಮೇಲೆ ಸಾಲಾಗಿ ಚುಕ್ಕೆಗಳಿರುತ್ತವೆ. ಕಬ್ಬಿಗೆ ಕಣ್ಣು ಇರುತ್ತಲ್ಲ, ಹಾಗೆ ಇದರ ಕಣ್ಣು ಅವು. ಮುಳ್ಳು, ಹೂವು, ಹೊಸ ಅಟ್ಟೆ, ಬೇರು ಎಲ್ಲ ಆ ಕಣ್ಣಿಂದಲೇ ಬರೋದು. ಯಾವ ಜಾತಿ ಅಂತ ಹೇಳೋಕೆ ದೂರದಿಂದ ಗಿಡ ನೋಡಿದರೆ ಸಾಲಲ್ಲ, ಆ ಕಣ್ಣನ್ನ ಹತ್ತಿರದಿಂದ ನೋಡಬೇಕು.

ನಮ್ಮ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಸಿಗೋದು ಒಪನ್ಶಿಯಾ ಡಿಲೆನಿ. ಪೊದೆಯಂತೆ ಬೆಳೆಯುತ್ತೆ, ಆಳೆತ್ತರ ದಾಟೋದು ಕಡಿಮೆ. ಅಟ್ಟೆ ಬೂದಿ ಬಳಿದ ಹಾಗೆ ನೀಲಿ ಹಸಿರು. ಮುಳ್ಳು ಹಳದಿ, ಗಟ್ಟಿ, ಸ್ವಲ್ಪ ಚಪ್ಪಟೆ, ಸ್ವಲ್ಪ ಬಾಗಿದ್ದು, ಒಂದೊಂದು ಕಣ್ಣಲ್ಲಿ ಹಲವು. ಹೂವು ಹಳದಿ, ಹಣ್ಣು ನೇರಳೆಗೆಂಪು. ಚಿಕ್ಕವರಿದ್ದಾಗ ತಿಂದು ನಾಲಿಗೆ ಕೆಂಪು ಮಾಡಿಕೊಂಡವರಿಗೆ ಇದು ಗೊತ್ತಿರುತ್ತೆ.

ಅದರ ಹಾಗೇ ಕಾಣೋ ಇನ್ನೊಂದು ಒಪನ್ಶಿಯಾ ಇಲೇಟಿಯರ್. ಇದರ ಮುಳ್ಳು ಕಂದು ಬಣ್ಣ, ಸೂಜಿಯಂತೆ ದುಂಡಗೆ. ಹೂವಿನ ಹಳದಿಯಲ್ಲಿ ಕೆಂಪು ಗೆರೆಗಳು, ಒಳಗಿನ ಕೇಸರಗಳೂ ಕೆಂಪು. ಗುಜರಾತ್‌ನ ಕಛ್, ಸೌರಾಷ್ಟ್ರ ಕಡೆ ಇದರ ಹಣ್ಣಿಗೆ ಫಿಂಡ್ಲಾ ಅಂತಾರೆ, ರಸ ತೆಗೆದು ಬಾಟಲಿಗೆ ತುಂಬಿ ಮಾರ್ತಾರೆ.

ಮೂರನೇದು ಮೊನಕ್ಯಾಂತಾ. ಇದು ಮರದಂತೆ ಬೊಡ್ಡೆ ಬಿಟ್ಟು ಎತ್ತರಕ್ಕೆ ಹೋಗುತ್ತೆ. ಅಟ್ಟೆ ತೆಳು, ಹೊಳೆಯೋ ಹಸಿರು, ಕಣ್ಣಿಗೆ ಒಂದೋ ಎರಡೋ ಉದ್ದ ಮುಳ್ಳು ಅಷ್ಟೇ. ಮೊನಕ್ಯಾಂತಾ ಅನ್ನೋ ಹೆಸರಿನ ಅರ್ಥವೇ ಒಂಟಿ ಮುಳ್ಳು.

ಆಮೇಲೆ ನೀವೆಲ್ಲ ಕೇಳ್ತಿರೋದು, ಫೈಕಸ್ ಇಂಡಿಕಾ. ಹೆಸರಲ್ಲಿ ಇಂಡಿಕಾ ಇದೆ, ಊರು ಮಾತ್ರ ಮೆಕ್ಸಿಕೊ. ಅಟ್ಟೆ ದೊಡ್ಡದು, ದಪ್ಪ, ಒಂದಡಿಗಿಂತ ಉದ್ದ ಬರುತ್ತೆ, ಬಣ್ಣ ಬೂದು ಹಸಿರು. ಮನುಷ್ಯರು ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ಗಿಡ ಇದು. ಬಹುತೇಕ ತಳಿಗಳಲ್ಲಿ ದೊಡ್ಡ ಮುಳ್ಳು ಇರಲ್ಲ. ಇದರ ದಾಯಾದಿ ಕೊಚಿನಿಲಿಫೆರಾ ಅಂತ ಇನ್ನೊಂದಿದೆ. ಅದರ ಅಟ್ಟೆ ಕಿರಿದು, ಉದ್ದುದ್ದ, ಕಡು ಹಸಿರು, ಹೂವು ಕೆಂಪು ಮತ್ತು ಪೂರ್ತಿ ಅರಳಲ್ಲ, ಕೇಸರಗಳು ಎಸಳಿಂದಾಚೆ ಚಾಚಿಕೊಂಡಿರುತ್ತವೆ. ಅದನ್ನೂ ಮುಳ್ಳಿಲ್ಲದ ಕಳ್ಳಿ ಅಂತಲೇ ಮಾರ್ತಾರೆ. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮತ್ತೆ ಬೆಂಗಳೂರು ನರ್ಸರಿಗಳಲ್ಲಿ ಪುಟ್ಟ ಕುಂಡದಲ್ಲಿ ಮೊಲದ ಕಿವಿ ಥರ ಮುದ್ದಾಗಿ ಇಟ್ಟಿರ್ತಾರೆ, ಮೈಮೇಲೆಲ್ಲ ಹಳದಿ ಚುಕ್ಕೆ. ಅದು ಮೈಕ್ರೊಡೇಸಿಸ್. ಮುಳ್ಳಿಲ್ಲ ಅಂತ ಮುಟ್ಟಬೇಡಿ. ಆ ಒಂದೊಂದು ಚುಕ್ಕೆಯಲ್ಲೂ ನೂರಾರು ಕೂದಲೆಳೆ ಮುಳ್ಳುಗಳಿವೆ, ಕೊಕ್ಕೆ ತುದಿಯವು. ನಿಜ ಹೇಳಬೇಕೆಂದರೆ ದೊಡ್ಡ ಮುಳ್ಳಿಗಿಂತ ಇವೇ ಹೆಚ್ಚು ಕಾಟ. ದೊಡ್ಡದನ್ನ ಕೀಳಬಹುದು, ಇವು ಕಣ್ಣಿಗೇ ಕಾಣಲ್ಲ. 'ಮುಳ್ಳಿಲ್ಲದ' ಫೈಕಸ್ ಇಂಡಿಕಾದಲ್ಲೂ, ಅದರ ಹಣ್ಣಿನ ಮೇಲೂ ಇವು ಸ್ವಲ್ಪ ಇರುತ್ತವೆ. ಚಕ್ಕಳದ ಕೈಗವಸು ಇಲ್ಲದೆ ಕೆಲಸ ಮಾಡಬೇಡಿ.

ಈಗ ಈ ಜಾತಿ ಗುರುತು ಹಣದ ವಿಷಯ ಹೇಗಾಗುತ್ತೆ ಅಂತ ನೋಡೋಣ. ಅದಕ್ಕೆ ಒಂದು ಹಳೇ ಕಂಪನಿಯ ಕಥೆ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿ.

ಆಗ ಜಗತ್ತಿನ ಬೆಲೆಬಾಳುವ ಕಡುಗೆಂಪು ಬಣ್ಣ ಬರ್ತಿದ್ದಿದ್ದು ಕಳ್ಳಿ ಮೇಲೆ ಬದುಕೋ ಒಂದು ಪುಟ್ಟ ಹುಳದಿಂದ, ಕೋಚಿನಿಯಲ್. ಮೆಕ್ಸಿಕೊ ಸ್ಪೇನ್ ಕೈಯಲ್ಲಿತ್ತು, ಅಂದರೆ ವ್ಯಾಪಾರ ಪೂರ್ತಿ ಸ್ಪೇನಿನದು. ಕಂಪನಿಗೆ ಅದನ್ನ ಮುರಿಯೋ ಆಸೆ. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅನ್ನೋ ವೈದ್ಯ ಸೈದಾಪೇಟೆಯಲ್ಲಿ ಕಳ್ಳಿ ತೋಟವನ್ನೇ ಮಾಡಿದ. ಗಿಡ ಸಿದ್ಧ, ಹುಳ ಬೇಕು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಅನ್ನೋನು ಬ್ರೆಜಿಲ್‌ನಿಂದ ಬಂಗಾಳಕ್ಕೆ ಹುಳ ತಂದ. ಎಲ್ಲರಿಗೂ ಖುಷಿ. ಆದರೆ ಬಂದಿದ್ದು ಬೇರೆ ಜಾತಿಯ ಹುಳ. ಮೆಕ್ಸಿಕೊದ ಹುಳದ ಹೆಸರು ಡ್ಯಾಕ್ಟಿಲೋಪಿಯಸ್ ಕಾಕಸ್, ಇದು ಡ್ಯಾಕ್ಟಿಲೋಪಿಯಸ್ ಸೀಲಾನಿಕಸ್. ನೋಡೋಕೆ ಎರಡೂ ಬಿಳಿ. ಬಣ್ಣ ಮಾತ್ರ ಕಳಪೆ. ಅದು ಬಣ್ಣ ಕೊಡೋದು ಬಿಟ್ಟು ಉತ್ತರ ಮತ್ತು ಮಧ್ಯ ಭಾರತದ ಮೊನಕ್ಯಾಂತಾ ಗಿಡಗಳನ್ನೇ ತಿಂದು ಮುಗಿಸಿತು. ಬಂಡವಾಳ ಹೋಯ್ತು. ಹುಳ ಬಿಟ್ಟು ಕಳೆ ನಾಶ ಮಾಡಬಹುದು ಅಂತ ಜಗತ್ತಿಗೆ ಗೊತ್ತಾದ ಮೊದಲ ಪ್ರಸಂಗಗಳಲ್ಲಿ ಇದನ್ನ ಎಣಿಸ್ತಾರೆ. ಅಂದುಕೊಂಡಿದ್ದು ಒಂದು, ಆಗಿದ್ದು ಇನ್ನೊಂದು!

ಅದನ್ನ ನೋಡಿ 1830ರ ದಶಕದಲ್ಲಿ ಅದೇ ಹುಳವನ್ನ ಬೇಕಂತಲೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಇಲ್ಲೂ ಮೊನಕ್ಯಾಂತಾ ಸೊರಗಿತು. ಆದರೆ ಹಳದಿ ಮುಳ್ಳಿನದನ್ನ, ಕಂದು ಮುಳ್ಳಿನದನ್ನ ಆ ಹುಳ ಮುಟ್ಟಲೇ ಇಲ್ಲ. ಅದಕ್ಕೆ ಬೇಕಾದ ಗಿಡ ಅದಲ್ಲ. ಅವು ಹೊಲ, ಗೋಮಾಳ ತುಂಬ ಹಬ್ಬಿದವು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಹುಳ ತರಿಸಿದರು, ಡ್ಯಾಕ್ಟಿಲೋಪಿಯಸ್ ಒಪನ್ಶಿಯೇ, ಮೂಲ ಉತ್ತರ ಅಮೆರಿಕದ್ದು. ಐದಾರು ವರ್ಷದಲ್ಲಿ ದಕ್ಷಿಣ ಭಾರತದಲ್ಲಿ ಸುಮಾರು 40,000 ಹೆಕ್ಟೇರ್, ಅಂದರೆ ಒಂದು ಲಕ್ಷ ಎಕರೆ ಹತ್ತಿರ, ಕಳ್ಳಿಯಿಂದ ಬಿಡುಗಡೆ ಆಯ್ತು.

ಈಗ ಇಲ್ಲಿ ಕಿವಿಗೊಟ್ಟು ಕೇಳಿ. ಆ 1926ರ ಹುಳ ಎಲ್ಲೂ ಹೋಗಿಲ್ಲ. ಇಲ್ಲೇ ಇದೆ. ಬೇಲಿ ಕಳ್ಳಿ ಮೇಲೆ ಬಿಳಿ ಹತ್ತಿ ಥರ ಅಂಟಿಕೊಂಡಿದ್ದು ಕಂಡರೆ ಕಡ್ಡಿಯಿಂದ ಒತ್ತಿ ನೋಡಿ, ರಕ್ತದಂಥ ಕೆಂಪು ಬಂದರೆ ಅದು ಕೋಚಿನಿಯಲ್. ಮತ್ತೆ ಈ ಹುಳಕ್ಕೆ ತುಂಬ ಇಷ್ಟವಾದ ಗಿಡಗಳಲ್ಲಿ ಒಂದು, ಅದೇ ಫೈಕಸ್ ಇಂಡಿಕಾ! 2014ರಲ್ಲಿ ಇದೇ ಹುಳ ಮೊರಾಕ್ಕೊ ದೇಶದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಕಳ್ಳಿ ಹಣ್ಣು, ಕಳ್ಳಿ ಮೇವು ಅಂದರೆ ಹಳ್ಳಿಗರ ಜೀವನ. ಕೆಲವೇ ವರ್ಷದಲ್ಲಿ ಊರಿಗೆ ಊರೇ ತೋಟ ಒಣಗಿತು. ಬ್ರೆಜಿಲ್‌ನ ಈಶಾನ್ಯ ಭಾಗದ ಬರದ ಸೀಮೆಯಲ್ಲೂ ಇದೇ ಗತಿ ಆಗಿ, ರೈತರು ಹುಳ ತಡೆಯೋ ತಳಿಗಳಿಗೆ ಬದಲಾಯಿಸಿಕೊಳ್ಳಬೇಕಾಯ್ತು. ಅಲ್ಲಿ ಉಳಿದುಕೊಂಡ ತಳಿಗಳಲ್ಲಿ ಒಂದು ಯಾವುದು ಗೊತ್ತಾ? ಕೊಚಿನಿಲಿಫೆರಾ ಜಾತಿಯದು. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಕಿರಿದಾದ ಅಟ್ಟೆ.

ಅಂದರೆ 'ಮುಳ್ಳಿಲ್ಲದ ಕಳ್ಳಿ' ಅನ್ನೋದು ಒಂದು ಜಾತಿಯ ಹೆಸರಲ್ಲ. ಆ ಹೆಸರಲ್ಲಿ ಒಂದು ಗಿಡ ನಿಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ನಿಲ್ಲಬಹುದು, ಇನ್ನೊಂದು ಎರಡೇ ವರ್ಷಕ್ಕೆ ಹುಳಕ್ಕೆ ಹೋಗಬಹುದು.

ಇದೆಲ್ಲ ನಾನು ಓದೋಕೆ ಶುರು ಮಾಡಿದ್ದು ನಮ್ಮ ದೊಡ್ಡಪ್ಪನಿಂದ. ಅವರದು ಚಳ್ಳಕೆರೆ ತಾಲ್ಲೂಕು, ರಾಜ್ಯದಲ್ಲೇ ಮಳೆ ಕಡಿಮೆ ಬೀಳೋ ಕಡೆ. ಶೇಂಗಾ ಹೊಲ, ಜೊತೆಗೆ ಕುರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತಲ್ಲ, ಆ ವರ್ಷ ಅವರು ಅರ್ಧ ಮಂದೆ ಮಾರಿದರು. ಎಲ್ಲರೂ ಮಾರೋ ಹೊತ್ತಲ್ಲಿ ಮಾರಿದರೆ ಏನು ಬೆಲೆ ಸಿಗುತ್ತೆ, ನೀವೇ ಹೇಳಿ. ಈಗ ಉಳಿದಿರೋದು 40 ಕುರಿ. ಹೋದ ತಿಂಗಳು ಫೋನ್ ಮಾಡಿದರು. "ಏನವ್ವಾ, ಬಿಕಾಂ ಓದಿದ್ದೀಯಲ್ಲ, ಒಂದು ಕಾಗದ ಕಳಿಸ್ತೀನಿ, ಒಂದಿಷ್ಟು ನೋಡಿ ಹೇಳು."

ಒಂದು ಕಂಪನಿಯ ಕರಾರು. ಹೆಸರು ಬೇಡ. ಎಕರೆಗೆ 2,000 ಅಟ್ಟೆ, ಒಂದಕ್ಕೆ 45 ರೂಪಾಯಿ, ಒಟ್ಟು 90,000. ಬೆಳೆದ ಮೇಲೆ ಅವರೇ ವಾಪಸ್ ಕೊಳ್ತಾರಂತೆ. ಓದ್ತಾ ಹೋದೆ. ಕೊಳ್ಳೋದು "ಗುಣಮಟ್ಟ ತೃಪ್ತಿಕರವಾಗಿದ್ದಲ್ಲಿ". ಬೆಲೆ "ಅಂದಿನ ಮಾರುಕಟ್ಟೆ ದರ". ಚಳ್ಳಕೆರೆ ಎಪಿಎಂಸಿಯಲ್ಲಿ ಶೇಂಗಾ ದರ ಸಿಗುತ್ತೆ. ಕಳ್ಳಿ ದರ ಕೇಳಿದರೆ ನಗ್ತಾರೆ. ತೃಪ್ತಿ ಯಾರದು, ಅಳೆಯೋರು ಯಾರು, ಬರೆದಿಲ್ಲ. ಅದಕ್ಕಿಂತ ದೊಡ್ಡದು, ನಾಲ್ಕು ಪುಟದ ಕಾಗದದಲ್ಲಿ ಎಲ್ಲೂ ಗಿಡದ ಜಾತಿ ಇಲ್ಲ, ತಳಿ ಇಲ್ಲ. "ಸ್ಪೈನ್‌ಲೆಸ್ ಕ್ಯಾಕ್ಟಸ್" ಅಷ್ಟೇ. ಬಿಲ್ಲಿನಲ್ಲಿ 'ಬಟ್ಟೆ' ಅಂತ ಬರೆದು ರೇಷ್ಮೆಯ ದುಡ್ಡು ಕೇಳಿದ ಹಾಗೆ.

ಅವರ ಕರಪತ್ರದಲ್ಲಿ ಎಕರೆಗೆ 40 ಟನ್ ಅಂತಿದೆ. ಬಂತು ಅಂತಲೇ ಇಟ್ಟುಕೊಳ್ಳೋಣ. ಕಳ್ಳಿಯಲ್ಲಿ ನೂರಕ್ಕೆ 85ರಿಂದ 90 ಪಾಲು ನೀರು. ಅಂದರೆ ಒಣ ಲೆಕ್ಕದಲ್ಲಿ ಅದು ನಾಲ್ಕು ಟನ್ನು, ಹೆಚ್ಚೆಂದರೆ ಆರು. ಹಸಿ ತೂಕ ಹೇಳಿ ಆಸೆ ಹುಟ್ಟಿಸ್ತಾರೆ, ಮೇವಿನ ಲೆಕ್ಕ ಒಣ ತೂಕದಲ್ಲಿ ಹಾಕಬೇಕು. ಆದರೆ ಆ ನೀರು ಸುಮ್ಮನೆ ಅಲ್ಲ, ಬರಗಾಲದಲ್ಲಿ ಕುರಿ ಕುಡಿಯೋ ನೀರು ಅಷ್ಟು ಉಳಿಯುತ್ತೆ. ಅದು ನಿಜವಾದ ಲಾಭ, ಅದನ್ನ ಕರಪತ್ರದಲ್ಲಿ ಬರೆದೇ ಇಲ್ಲ.

ಕಳ್ಳಿ ಒಂದನ್ನೇ ತಿನ್ನಿಸೋ ಹಾಗಿಲ್ಲ. ನಾರು ಕಡಿಮೆ, ಪ್ರೋಟೀನ್ ಕಡಿಮೆ. ಬರೀ ಅದನ್ನೇ ಹಾಕಿದರೆ ಭೇದಿ ಶುರುವಾಗುತ್ತೆ. ತುಂಡು ಮಾಡಿ, ಶೇಂಗಾ ಹೊಟ್ಟೋ ರಾಗಿ ಹುಲ್ಲೋ ಬೆರೆಸಿ, ಸ್ವಲ್ಪ ಹಿಂಡಿ ಸೇರಿಸಿ, ಮೊದಮೊದಲು ಕಡಿಮೆ ಕೊಟ್ಟು ಅಭ್ಯಾಸ ಮಾಡಿಸಬೇಕು. ಒಂದು ಕುರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣ ಮೇವು ಬೇಕು, ಅದರಲ್ಲಿ ಮೂರನೇ ಒಂದು ಪಾಲು ಕಳ್ಳಿ ಅಂತ ಹಿಡಿಯಿರಿ. 40 ಕುರಿಗೆ ದಿನಕ್ಕೆ 13 ಕಿಲೋ ಒಣ, ಅಂದರೆ 130 ಕಿಲೋ ಹಸಿ. ಬೇಸಿಗೆಯ ನಾಲ್ಕು ತಿಂಗಳಿಗೆ ಹದಿನಾರು ಟನ್. ಅವರದೇ ಲೆಕ್ಕದಲ್ಲಿ ಅರ್ಧ ಎಕರೆಯೂ ಬೇಡ.

ಮತ್ತೆ 2,000 ಅಟ್ಟೆ ಯಾಕೆ ಕೊಳ್ಳಬೇಕು? ಇದು ತಾನೇ ತಾನಾಗಿ ಹೆಚ್ಚೋ ಗಿಡ. 50 ಅಟ್ಟೆ ತನ್ನಿ, 2,250 ರೂಪಾಯಿ. ಒಂದೊಂದನ್ನ ಉದ್ದಕ್ಕೆ ಎರಡು ಭಾಗ ಮಾಡಿ, ಎರಡರಲ್ಲೂ ಕಣ್ಣು ಇರೋ ಹಾಗೆ. ನೂರು ಗಿಡ. ವರ್ಷಕ್ಕೆ ಗಿಡಕ್ಕೆ ಮೂರೇ ಹೊಸ ಅಟ್ಟೆ ಅಂತ ಜಿಪುಣ ಲೆಕ್ಕ ಹಾಕಿದರೂ ಎರಡನೇ ವರ್ಷದ ಕೊನೆಗೆ ಸಾವಿರ ದಾಟುತ್ತೆ. ಅಷ್ಟರಲ್ಲಿ ಹುಳ ಬರುತ್ತಾ, ಕುರಿ ತಿನ್ನುತ್ತಾ ಅಂತಲೂ ಗೊತ್ತಾಗುತ್ತೆ. 90,000 ಕಟ್ಟಿ ಕಲಿಯೋ ಪಾಠವನ್ನ 2,250ಕ್ಕೆ ಕಲಿಯಬಹುದು.

ನೆಡೋದು ಹೀಗೆ. ಆರು ತಿಂಗಳಿಂದ ವರ್ಷ ತುಂಬಿದ, ಬಲಿತ ಅಟ್ಟೆ ಬೇಕು. ಗೆಣ್ಣಿನ ಹತ್ತಿರ ಕುಯ್ಯಬೇಕು. ಕುಯ್ದ ತಕ್ಷಣ ಮಣ್ಣಿಗೆ ಇಟ್ಟರೆ ಕೊಳೆಯುತ್ತೆ. ನೆರಳಲ್ಲಿ ಒಂದೆರಡು ವಾರ ಬಿಡಿ, ಗಾಯ ಒಣಗಿ ಚಕ್ಕೆ ಕಟ್ಟಲಿ. ಅದು ಬಾಡಿದ ಹಾಗೆ ಕಾಣುತ್ತೆ, ಗಾಬರಿ ಬೇಡ. ಆಮೇಲೆ ಮೂರನೇ ಒಂದು ಭಾಗದಷ್ಟು ಮಣ್ಣಲ್ಲಿ ಹೂತು ನೇರ ನಿಲ್ಲಿಸಿ, ಚಪ್ಪಟೆ ಮುಖ ಪೂರ್ವ ಪಶ್ಚಿಮಕ್ಕೆ ಇರಲಿ. ನೀರು ನಿಲ್ಲೋ ಎರೆಮಣ್ಣಿನ ತಗ್ಗು ಬೇಡವೇ ಬೇಡ, ಮರಳು ಮಿಶ್ರಿತ ಕೆಂಪು ಮಣ್ಣು, ಕಲ್ಲು ಬದು ಚೆನ್ನ. ಎರೆ ಹೊಲವೇ ಇರೋದು ಅಂದರೆ ಏರು ಮಡಿ ಮಾಡಿ. ಜೋರು ಮಳೆ ಹಿಡಿದಿರೋವಾಗ ನೆಡಬೇಡಿ. ಬರದಲ್ಲಿ ಸಾಯದ ಈ ಗಿಡ ನೀರು ನಿಂತರೆ ಸಾಯುತ್ತೆ. ಹಾಗಂತ ಏನೂ ಕೊಡದೆ ಮೇವು ಬರುತ್ತೆ ಅಂತಲೂ ಅಂದುಕೊಳ್ಳಬೇಡಿ. ಬದುಕೋದು ಬೇರೆ, ಬೆಳೆಯೋದು ಬೇರೆ. ಕೊಟ್ಟಿಗೆ ಗೊಬ್ಬರ, ಬೇಸಿಗೆಯಲ್ಲಿ ಅಪರೂಪಕ್ಕೆ ಒಂದು ಕೊಡ ನೀರು ಕೊಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಇನ್ನೊಂದು ಖರ್ಚು ಯಾವ ಕರಪತ್ರದಲ್ಲೂ ಇರಲ್ಲ. ಬೇಲಿ. ನಾವು ಇಷ್ಟು ಕಾಲ ಬೇಲಿಗೆ ಅಂತ ನೆಟ್ಟ ಗಿಡಕ್ಕೇ ಈಗ ಬೇಲಿ ಹಾಕಬೇಕು! ಮುಳ್ಳಿಲ್ಲ ಅಂದ ಮೇಲೆ ಮೇಕೆ, ಬಿಡಾಡಿ ದನ, ಹಂದಿ ಎಲ್ಲ ಬರುತ್ತವೆ. ಮೊದಲ ವರ್ಷ ಮೇಕೆ ಬಾಯಿ ಹಾಕಿದರೆ ಗಿಡ ಮತ್ತೆ ಏಳೋದು ಕಷ್ಟ. ಮುಳ್ಳು ಕಳ್ಳಿಯೇ ಇದ್ದರೆ? ಅಮೆರಿಕದ ಟೆಕ್ಸಾಸ್‌ನಲ್ಲಿ ಬರ ಬಂದಾಗ ಗ್ಯಾಸ್ ಬರ್ನರ್‌ನಿಂದ ಮುಳ್ಳು ಸುಟ್ಟು ದನಕ್ಕೆ ಬಿಡ್ತಾರೆ. ಆಗದ ಕೆಲಸವೇನಲ್ಲ, ಆದರೆ ಗ್ಯಾಸಿಗೂ ಆಳಿಗೂ ದುಡ್ಡು, ಮುಳ್ಳು ಉಳಿದರೆ ಕುರಿ ಬಾಯಿ ಹುಣ್ಣು.

ಬೀಜದಿಂದ ಗಿಡ ಮಾಡೋ ಯೋಚನೆ ಬಿಡಿ. ಮುಳ್ಳಿಲ್ಲದ ತಾಯಿಯ ಬೀಜದಿಂದ ಮುಳ್ಳಿನ ಮಕ್ಕಳು ಹುಟ್ಟಬಹುದು. ಬೇಡದ ಅಟ್ಟೆಯನ್ನ ಕೆರೆ ಏರಿ ಮೇಲೆ, ಗೋಮಾಳದಲ್ಲಿ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಡುತ್ತೆ. ಒಂದು ಲಕ್ಷ ಎಕರೆ ಹಾಗೇ ತುಂಬಿದ್ದು. ಹುಳ ಕಂಡ ಅಟ್ಟೆಯನ್ನ ಅವತ್ತೇ ಕುಯ್ದು ಆಳವಾಗಿ ಹೂಳಿ ಅಥವಾ ಸುಡಿ.

ತಳಿ ಎಲ್ಲಿ ಸಿಗುತ್ತೆ ಅಂತ ಕೇಳಿದವರಿಗೆ: ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಈ ಗಿಡದ ಮೇಲೆ ಕೆಲಸ ಮಾಡಿದೆ, ಅದರ ಪ್ರಾದೇಶಿಕ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ಜೋಧಪುರದ ಕಾಜ್ರಿ, ಬೈಫ್ ಸಂಸ್ಥೆ ಕೂಡ ಇದನ್ನ ಬೆಳೆಸಿ ನೋಡಿವೆ. ಕೊಳ್ಳೋದಕ್ಕಿಂತ ಮೊದಲು ಇಂಥ ಕಡೆ ವಿಚಾರಿಸಿ. ಯಾರು ಮಾರಲಿ, ಮೂರು ಕೇಳಿ: ಜಾತಿ ಯಾವುದು, ತಳಿ ಯಾವುದು, ಕೋಚಿನಿಯಲ್ ತಡೆಯುತ್ತಾ. ಉತ್ತರ ಬಿಲ್ಲಿನ ಮೇಲೆ ಬರೆದುಕೊಡಿ ಅನ್ನಿ. ದೊಡ್ಡಪ್ಪ ಅದನ್ನೇ ಕೇಳಿದರು. ಆ ಏಜೆಂಟ್ "ವಿಚಾರಿಸಿ ಹೇಳ್ತೀನಿ" ಅಂತ ಹೋದವನು ಇನ್ನೂ ಬಂದಿಲ್ಲ. ದೊಡ್ಡಪ್ಪನಿಗೆ ನನ್ನ ಮೇಲೆ ಸ್ವಲ್ಪ ಮುನಿಸಿದೆ, ಬರೋ ಬೇಸಿಗೆಗೆ ಮೇವು ಎಲ್ಲಿಂದ ತರಲಿ ಅಂತ. ಆ ಪ್ರಶ್ನೆ ನ್ಯಾಯವಾದದ್ದೇ. ಈ ವರ್ಷ ನೆಟ್ಟ ಕಳ್ಳಿ ಬರೋ ಬೇಸಿಗೆಗೆ ಮೇವಾಗಲ್ಲ, ಯಾರು ನೆಟ್ಟರೂ. ಶೇಂಗಾ ಹೊಟ್ಟನ್ನ ಈ ಸಲ ಮಾರದೆ ಬಣವೆ ಹಾಕಿ ಅಂತ ಹೇಳಿದ್ದೀನಿ, ಒಪ್ಪಿದ್ದಾರೆ. ಕಳ್ಳಿಗೆ ಅಂತ ಮನೆ ಹಿಂದಿನ ಕಲ್ಲು ಬದುವಿನ ಪಕ್ಕ ಎರಡು ಗುಂಟೆ ಬಿಟ್ಟಿದ್ದಾರೆ. ಅಟ್ಟೆ ಇನ್ನೂ ಬಂದಿಲ್ಲ, ಬೇಲಿ ಮಾತ್ರ ಹಾಕಿದ್ದಾಯ್ತು.

ಫೋಟೊ ಕಳಿಸೋರು ಇನ್ನು ಮೇಲೆ ಹೀಗೆ ಕಳಿಸಿ. ಒಂದು, ಪೂರ್ತಿ ಗಿಡ, ಪಕ್ಕದಲ್ಲಿ ಯಾರಾದರೂ ನಿಂತಿರಲಿ, ಎತ್ತರ ಗೊತ್ತಾಗುತ್ತೆ. ಎರಡು, ಒಂದೇ ಒಂದು ಕಣ್ಣು, ಹತ್ತಿರದಿಂದ, ಮುಳ್ಳಿನ ಬಣ್ಣ ಕಾಣೋ ಹಾಗೆ. ಮೂರು, ಹೂವೋ ಹಣ್ಣೋ ಇದ್ದರೆ ಅದು. ಗೀರಿದಾಗ ಹಾಲು ಬಂತಾ ಲೋಳೆ ಬಂತಾ ಅಂತ ಕೆಳಗೆ ಬರೆಯಿರಿ. ಮುಂದಿನ ವಾರ ಕುರಿ ವಿಮೆ.